ಬ್ಲಾಗೊಯಾ ಪತ್ತೆಯಿಲ್ಲದ ಏಳು ತಿಂಗಳು

ಇಟಲಿಯ ಅಬ್ರುಝೊ ಬೆಟ್ಟಗಳ ಕೆಳಗಿನ ನಮ್ಮೂರಿನಲ್ಲಿ ಜೂನ್ ಬಂತೆಂದರೆ ಕುರಿಗಳು ಮೇಲೆ ಹೋಗುತ್ತವೆ, ಅಕ್ಟೋಬರ್‌ನಲ್ಲಿ ಇಳಿದು ಬರುತ್ತವೆ. ಅವುಗಳ ಹಿಂದೆ ಹೋಗುವವರಲ್ಲಿ ಈಗ ಹೆಚ್ಚಿನವರು ಮ್ಯಾಸಿಡೋನಿಯಾದವರು. ಬ್ಲಾಗೊಯಾ ಅವರಲ್ಲೊಬ್ಬ. ಹನ್ನೆರಡು ವರ್ಷದಿಂದ ಇಲ್ಲಿದ್ದಾನೆ. ಮುನ್ನೂರು ಕುರಿಗಳಲ್ಲಿ ಒಂದು ಕುಂಟಿದರೂ, ತಿರುಗಿ ನೋಡದೆ ಗಂಟೆಯ ಸದ್ದಿನಲ್ಲೇ ಗುರುತು ಹಿಡಿಯುತ್ತಾನೆ.

ಅವನ ಮಗಳು ಯಾಗೊದಾಳಿಗೆ ಹದಿನಾಲ್ಕು. ಏಳು ವರ್ಷದವಳಾಗಿದ್ದಾಗ ತಾಯಿಯ ಜೊತೆ ಬಂದವಳು. ಅವಳಿಗೆ ಅಗ್ನಿಶಾಮಕ ದಳ ಸೇರುವ ಆಸೆ. ಆ ಕೆಲಸ ಇಟಲಿಯ ಪೌರರಿಗೆ ಮಾತ್ರ. ಅಪ್ಪನಿಗೆ ಪೌರತ್ವ ಸಿಕ್ಕಿದರೆ, ಅವನ ಜೊತೆಗೇ ಇರುವ, ಹದಿನೆಂಟು ತುಂಬದ ಮಗಳಿಗೂ ಸಿಗುತ್ತದೆ. ತುಂಬಿಬಿಟ್ಟರೆ ಅವಳ ದಾರಿ ಅವಳಿಗೆ. ಅರ್ಜಿಯ ತೀರ್ಮಾನಕ್ಕೆ ಮೂರು ವರ್ಷದವರೆಗೂ ಹಿಡಿಯಬಹುದು. ಹಾಗಾಗಿ ಬ್ಲಾಗೊಯಾನಿಗೆ ಕಳೆಯಲು ಒಂದು ವರ್ಷವೂ ಇರಲಿಲ್ಲ.

ಒಂದು ಭಾನುವಾರ ರಿಸ್ತೊ ಬಂದ. ಬ್ಲಾಗೊಯಾನ ಮದುವೆಗೆ ಸಾಕ್ಷಿ ನಿಂತವನು. ಅವರ ಕಡೆ ಅಂಥವನನ್ನು ‘ಕೂಮ’ ಎಂದು ಕರೆಯುತ್ತಾರೆ, ಒಡಹುಟ್ಟಿದವನಿಗಿಂತ ಹತ್ತಿರ.

“ವಕೀಲರನ್ನ ಹಿಡಿಯೋ. ಪೇಟೆಯಲ್ಲೊಬ್ಬ ಇದ್ದಾನಂತೆ, ಆರೇ ತಿಂಗಳಲ್ಲಿ ಮಾಡಿಸಿ ಕೊಡ್ತಾನಂತೆ. ನನ್ನ ನಾದಿನಿ ಗಂಡ ಕಾಗದ ಎಲ್ಲಾ ಅವನ ಕೈಗೆ ಕೊಟ್ಟು ನೆಮ್ಮದಿಯಾಗಿ ಮಲಗಿದ್ದಾನೆ.”

“ಎಷ್ಟು ದಿನ ಆಯ್ತು ಕೂಮ?”

“ಎರಡು ವರ್ಷ.”

“ಹಾಗಾದ್ರೆ ಇನ್ನೂ ಎದ್ದಿಲ್ಲ ಅನ್ನು.”

ಬ್ಲಾಗೊಯಾನ ಹೆಂಡತಿ ಸ್ತೊಯ್ನಾ ಒಲೆಯ ಹತ್ತಿರ ಮೆಣಸಿನಕಾಯಿ ಸುಡುತ್ತಿದ್ದವಳು ನಕ್ಕಳು. ಬ್ಲಾಗೊಯಾ ನಗಲಿಲ್ಲ. “ನಾನು ಯಾರ ತಂಟೆಗೂ ಹೋದವನಲ್ಲ. ಕಳ್ಳತನ ಮಾಡಿಲ್ಲ, ಜಗಳ ಆಡಿಲ್ಲ. ನನಗ್ಯಾಕೆ ವಕೀಲ?”

“ಜಗಳ ಆಮೇಲೆ ಆಡಿ. ಮೊದಲು ಎರ್ಸಿಲಿಯಾ ಅವರನ್ನ ಕೇಳೋಣ,” ಎಂದಳು ಸ್ತೊಯ್ನಾ.

ಎರ್ಸಿಲಿಯಾ ಕಾರ್ಮಿಕ ಸಂಘದ ನೆರವು ಕಚೇರಿಯಲ್ಲಿ ಕೂರುವ ಹೆಂಗಸು. ಅಂಚೆ ಕಚೇರಿಯ ಹಿಂದಿನ ಕೋಣೆ, ವಾರಕ್ಕೆ ಎರಡು ದಿನ. ಯಾವ ಕಾಗದವನ್ನೂ ಎರಡು ಸಲ ಓದದೆ ಮಾತಾಡುವವಳಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಾಳೆ. ಅದಕ್ಕೇ ಊರು ಅವಳನ್ನು ನಂಬುವುದು.

“ವಕೀಲರು ಇರಲೇಬೇಕು ಅಂತ ಎಲ್ಲೂ ಇಲ್ಲ,” ಎಂದಳು. “ಅರ್ಜಿ ನೀವೇ ಹಾಕಬಹುದು. ಕಂಪ್ಯೂಟರ್ ಮುಂದೆ ನಾನು ಪಕ್ಕದಲ್ಲಿ ಕೂರ್ತೀನಿ. ಭಾಷಾ ಪರೀಕ್ಷೆ ಪಾಸಾಗಿದೆ, ಊರಿಂದ ಜನನ ಪತ್ರ, ಪೊಲೀಸ್ ಪತ್ರ ಬಂದಿವೆ, ಮೂರು ವರ್ಷದ ಸಂಬಳದ ಲೆಕ್ಕ ಇದೆ. ಚೆನ್ನಾಗಿ ಜೋಡಿಸಿದ್ದೀರಿ.”

“ನೋಡಿದ್ಯಾ!” ಬ್ಲಾಗೊಯಾ ಹೆಂಡತಿಯ ಕಡೆ ತಿರುಗಿದ.

“ತಡೀರಿ. ಇನ್ನೊಂದು ಕಾಗದ ಬೇಕು. ಇಷ್ಟು ವರ್ಷ ನೀವು ಎಲ್ಲೆಲ್ಲಿ ವಾಸ ಇದ್ರಿ ಅಂತ ಪುರಸಭೆಯವರು ಕೊಡೋ ಪೂರ್ತಿ ವಿವರ. ಹತ್ತು ವರ್ಷ ಒಂದು ದಿನವೂ ಕಡಿಯದ ಹಾಗೆ ಇರಬೇಕು.”

ಎರಡು ದಿನದ ಮೇಲೆ ಆ ಕಾಗದ ಬಂತು. ಎರ್ಸಿಲಿಯಾ ಬೆರಳಿಟ್ಟು ಓದುತ್ತಾ ಹೋದಳು. ಒಂದು ಸಾಲಿನಲ್ಲಿ ಬೆರಳು ನಿಂತಿತು.

“ಎಂಟು ವರ್ಷದ ಹಿಂದೆ ನಿಮ್ಮನ್ನ ನಿವಾಸಿಗಳ ಪಟ್ಟಿಯಿಂದ ತೆಗೆದಿದ್ದಾರೆ. ‘ಪತ್ತೆಯಿಲ್ಲ’ ಅಂತ. ಏಳು ತಿಂಗಳು ಬಿಟ್ಟು ಮತ್ತೆ ಸೇರಿಸಿದ್ದಾರೆ.”

“ಪತ್ತೆಯಿಲ್ಲವಾ? ನಾನು ಬೆಟ್ಟದ ಮೇಲಿದ್ದೆ! ಕುರಿ ಮೇಯಿಸ್ತಾ ಇದ್ದೆ!”

ಆದದ್ದು ಇಷ್ಟೆ. ಹಳೆಯ ಯಜಮಾನನ ಚೀಸ್ ಮಾಡುವ ಮನೆಯ ಹಿಂದಿನ ಕೋಣೆ ಬಿಟ್ಟು ಹೊಸ ಯಜಮಾನನ ಕೊಟ್ಟಿಗೆಗೆ ಬಂದಿದ್ದ. ವಿಳಾಸ ಬದಲಾಯಿತೆಂದು ಪುರಸಭೆಗೆ ಹೇಳಬೇಕೆಂದು ತಿಳಿದಿರಲಿಲ್ಲ. ಕುರಿಗಳಿದ್ದ ಕಡೆ ತಾನಿದ್ದೇನೆ ಎಂಬುದು ಅವನ ಲೆಕ್ಕ. ಸಿಬ್ಬಂದಿ ಹಲವು ಸಲ ಬಂದು ಹಳೆಯ ಕೋಣೆಯ ಬೀಗ ನೋಡಿ ಹೋಗಿದ್ದರು. ಏಳು ತಿಂಗಳ ಮೇಲೆ ಹೊಸ ಯಜಮಾನ ಹೊಸ ವಿಳಾಸ ಬರೆಸಿದಾಗ ಮತ್ತೆ ಸೇರಿಸಿದ್ದರು.

“ಎಣಿಕೆ ಅಲ್ಲಿಂದ ಹೊಸದಾಗಿ ಶುರುವಾಗುತ್ತೆ,” ಎಂದಳು ಎರ್ಸಿಲಿಯಾ. “ಇನ್ನೂ ಎರಡು ವರ್ಷಕ್ಕೂ ಹೆಚ್ಚು ಕಾದು ಅರ್ಜಿ ಹಾಕಬೇಕಾಗುತ್ತೆ.”

ಜೊತೆಗೆ ಬಂದಿದ್ದ ಯಾಗೊದಾ ಬೆರಳು ಮಡಚಿ ಎಣಿಸಿದಳು. “ಅದರ ಮೇಲೆ ತೀರ್ಮಾನಕ್ಕೆ ಮೂರು ವರ್ಷ. ಆಗ ನನಗೆ ಹತ್ತೊಂಬತ್ತು,” ಎಂದಳು.

“ಈಗ ವಕೀಲರು ಬೇಕು,” ಎಂದಳು ಎರ್ಸಿಲಿಯಾ.

“ಮೊನ್ನೆ ಬೇಡ ಅಂದ್ರಿ, ಸಿನ್ಯೋರಾ!”

“ಮೊನ್ನೆ ಈ ಕಾಗದ ನೋಡಿರ್ಲಿಲ್ಲ. ನಿಮ್ಮ ಕುರಿ ಕಾಲಿಗೆ ಮುಳ್ಳು ಚುಚ್ಚಿದ್ರೆ ಏನ್ಮಾಡ್ತೀರಿ?”

“ನಾನೇ ತೆಗೀತೀನಿ.”

“ಹೊಟ್ಟೆಯೊಳಗೆ ಮರಿ ಅಡ್ಡ ಸಿಕ್ಕಿಕೊಂಡ್ರೆ?”

ಬ್ಲಾಗೊಯಾ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. “ಪಶುವೈದ್ಯರನ್ನ ಕರೆಸ್ತೀನಿ.”

“ಯಾವಾಗ? ಕುರಿ ಸತ್ತ ಮೇಲಾ?”

ಯಾಗೊದಾಳೇ ಹೇಳಿದಳು: “ಅಪ್ಪ, ನಾಳೆನೇ ಹೋಗೋಣ.”

ಎರ್ಸಿಲಿಯಾ ಹೆಸರು ಹೇಳಿ ಕಳಿಸಿದ ವಕೀಲೆ ತಿಬೇರಿ ಯಾವ ಭರವಸೆಯನ್ನೂ ಕೊಡಲಿಲ್ಲ. ಎಷ್ಟು ಕೆಲಸ, ಅದಕ್ಕೆಷ್ಟು ಶುಲ್ಕ ಎಂದು ಮೊದಲು ಬರೆದು ಕೊಟ್ಟರು. “ಅರ್ಜಿ ನೀವೇ ಹಾಕಿ, ಅದಕ್ಕೆ ನಾನು ಬೇಡ. ಆ ಏಳು ತಿಂಗಳು ನೀವು ಇಲ್ಲೇ ಇದ್ರಿ ಅಂತ ಪುರಸಭೆಯವರು ಒಪ್ಪಬೇಕು, ಅಷ್ಟೇ ನನ್ನ ಕೆಲಸ. ಪುರಾವೆ ತನ್ನಿ.”

ಸ್ತೊಯ್ನಾ ದಿಂಬಿನ ಚೀಲದಲ್ಲಿ ತುಂಬಿಟ್ಟಿದ್ದ ಕಾಗದಗಳನ್ನೆಲ್ಲ ಸುರಿದಳು. ಗಂಡ ತಂದಿಟ್ಟ ಒಂದು ಚೀಟಿಯನ್ನೂ ಅವಳು ಎಸೆದಿರಲಿಲ್ಲ. ಆ ವರ್ಷದ ಸಂಬಳದ ಚೀಟಿಗಳು ಸಿಕ್ಕವು. ಜುಲೈನಲ್ಲಿ ಕಾಲು ಉಳುಕಿ ಆಸ್ಪತ್ರೆಯಲ್ಲಿ ಪಟ್ಟಿ ಹಾಕಿಸಿಕೊಂಡ ಕಾಗದ ಸಿಕ್ಕಿತು. ಕುರಿಗಳ ರಕ್ತಪರೀಕ್ಷೆ ನಡೆದಾಗೆಲ್ಲ ಪಶುವೈದ್ಯರ ದಾಖಲೆಯಲ್ಲಿ ಬ್ಲಾಗೊಯಾ ಸಹಿ ಹಾಕಿದ್ದ, ಕೆಳಗೆ ತಾರೀಕು.

“ಇನ್ನೊಂದಿದೆ,” ಎಂದ ಬ್ಲಾಗೊಯಾ ನಾಚಿಕೊಂಡು. “ಬೆಟ್ಟದ ಗುಡಿಸಲ ಹತ್ತಿರ ಬಂಡೆ ಮೇಲೆ ಪ್ರತಿ ವರ್ಷ ಹೆಸರು, ವರ್ಷ ಕೆತ್ತುತ್ತೀನಿ. ಇಲ್ಲಿನ ಕುರುಬರು ಮೊದಲಿಂದ ಮಾಡ್ತಾ ಬಂದದ್ದು.”

ವಕೀಲೆ ನಕ್ಕರು. “ಬಂಡೆ ಹೊತ್ತು ತರೋಕಾಗಲ್ಲ. ಫೋಟೊ ತನ್ನಿ, ಜೊತೆಗಿರಲಿ.”

ಐದು ತಿಂಗಳಲ್ಲಿ ಪುರಸಭೆ ತನ್ನ ಪಟ್ಟಿಯನ್ನು ತಿದ್ದಿತು. ಎರ್ಸಿಲಿಯಾಳ ಪಕ್ಕದಲ್ಲಿ ಕೂತು, ಒಂದೊಂದೇ ಅಕ್ಷರ ಒತ್ತಿ, ಬ್ಲಾಗೊಯಾ ತನ್ನ ಅರ್ಜಿಯನ್ನು ತಾನೇ ಹಾಕಿದ.

ಮೂರು ವರ್ಷದ ಹೊತ್ತಿಗೆ ಪೌರತ್ವ ಮಂಜೂರಾಯಿತು. ಪ್ರಮಾಣವಚನದ ದಿನ ರಿಸ್ತೊ ಎಲ್ಲರಿಗಿಂತ ಮೊದಲು ಬಂದು ನಿಂತಿದ್ದ. ಅವನ ನಾದಿನಿಯ ಗಂಡನ ಅರ್ಜಿಯನ್ನು ಪೇಟೆಯ ವಕೀಲ ಕಳಿಸಿಯೇ ಇರಲಿಲ್ಲವೆಂದು ಆ ಹೊತ್ತಿಗೆ ತಿಳಿದಿತ್ತು. ಬ್ಲಾಗೊಯಾ ಟೋಪಿ ತೆಗೆದು, ಒಂದೇ ಉಸಿರಿನಲ್ಲಿ ಪ್ರಮಾಣದ ಸಾಲು ಓದಿದ. ಪಕ್ಕದಲ್ಲಿ ಯಾಗೊದಾ. ಅಂದಿಗೆ ಅವಳಿಗೆ ಹದಿನೇಳು ವರ್ಷ ಹತ್ತು ತಿಂಗಳು. ಆ ಜೂನ್‌ನಲ್ಲಿ ಬಂಡೆಯ ಮೇಲೆ ಅವನ ಹೆಸರಿನ ಕೆಳಗೆ ಅವಳ ಹೆಸರೂ ಮೂಡಿತು. ಕೆತ್ತಿದವಳು ಅವಳೇ.

ನೀವೂ ಪೌರತ್ವಕ್ಕೆ ಅರ್ಜಿ ಹಾಕುವವರಾದರೆ, ವಕೀಲರು ಬೇಕೋ ಬೇಡವೋ ಎಂದು ಕೂಮನನ್ನೂ ನೆರೆಯವರನ್ನೂ ಕೇಳುತ್ತಾ ಕೂರಬೇಡಿ. ನಿಮ್ಮ ಕಾಗದವನ್ನೇ ಕೇಳಿ. ವಾಸದ ವಿವರ ಕಡಿಯದೆ ಇದ್ದು, ಉಳಿದ ಪತ್ರಗಳೂ ಸರಿಯಿದ್ದರೆ ನೆರವು ಕಚೇರಿಯೇ ಸಾಕು. ನಡುವೆ ಖಾಲಿ ತಿಂಗಳುಗಳಿದ್ದರೆ, ಹಳೆಯ ಮೊಕದ್ದಮೆಯಿದ್ದರೆ, ಅರ್ಜಿ ತಿರಸ್ಕರಿಸುತ್ತೇವೆಂಬ ಎಚ್ಚರಿಕೆಯ ಪತ್ರ ಬಂದಿದ್ದರೆ, ತಡಮಾಡದೆ ವಕೀಲರ ಬಳಿ ಹೋಗಿ. ಶುಲ್ಕವನ್ನು ಮೊದಲೇ ಬರೆಸಿಕೊಳ್ಳಿ. ಬೇಗ ಮಾಡಿಸಿ ಕೊಡುತ್ತೇನೆ ಎನ್ನುವವನಿಗೆ ಕಾಗದ ಕೊಡಬೇಡಿ. ನಿಯಮಗಳು ಬದಲಾಗುತ್ತಿರುತ್ತವೆ, ಕೇಳಿ ತಿಳಿದುಕೊಳ್ಳಿ. ಮನೆ ಬದಲಾಯಿಸಿದ ವಾರವೇ ಪುರಸಭೆಗೆ ತಿಳಿಸಿ. ನೀವು ಎಲ್ಲಿದ್ದೀರೆಂದು ನಿಮ್ಮ ಕುರಿಗಳಿಗೆ ಗೊತ್ತಿದ್ದರೆ ಸಾಲದು.