ಹಳದಿ ಹಾಲು

“ವಾಣಿ ಎಸರು ಬರ್ದಿರೋ ಒಂದು ಬಟ್ಲೂ ಇಲ್ವಲ್ಲ!” ನರ್ಸ್ ಗಂಗಾಲಕ್ಷ್ಮಿ ಫ್ರಿಜ್ಜಿನ ಬಾಗಿಲು ಹಿಡಿದೇ ತಿರುಗಿದಳು. “ನಾಕು ದಿನದಿಂದ ಮೂರ್ ಮೂರು ಗಂಟೆಗೆ ಇಂಡ್ಕೊಡ್ತಾವ್ಳೆ. ಎಲ್ಲೋಯ್ತು ಆಲು?”

ಬಾಗಿಲಲ್ಲಿ ನಿಂತಿದ್ದ ನಾರಾಯಣಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಕೊಳತ್ತೂರಿಂದ ಸೇಲಂ ಆಸ್ಪತ್ರೆಗೆ ಸೊಸೆ ವಾಣಿಯ ಜೊತೆ ಬಂದವಳು. ಮೊಮ್ಮಗ ಹುಟ್ಟಿ ಆರು ದಿನ. ಕರುಳು ಒಂದು ಕಡೆ ಮುಚ್ಚಿಕೊಂಡೇ ಹುಟ್ಟಿದ ಮಗು. ಎರಡನೆಯ ದಿನವೇ ಹೊಟ್ಟೆ ಕೊಯ್ದು ಸರಿಮಾಡಿದ್ದರು. ಅಂದಿನಿಂದ ಅದಕ್ಕೆ ಊಟವೆಲ್ಲ ಕೈನರಕ್ಕೆ ಹಾಕಿದ ಸಣ್ಣ ಕೊಳವೆಯಲ್ಲೇ. ಈ ಬೆಳಿಗ್ಗೆ ಮಗು ಮೊದಲ ಸಲ ಕಕ್ಕ ಮಾಡಿತ್ತು. ಡಾಕ್ಟರು ನಕ್ಕು, ಕರುಳು ದಾರಿ ಬಿಟ್ಟಿದೆ, ಇನ್ನು ಅಮ್ಮನ ಹಾಲು ಒಂದು ಎಂ.ಎಲ್. ಕೊಟ್ಟು ನೋಡೋಣ, ಹೊಲಿದ ಕರುಳಿಗೆ ಅದೇ ಹಗುರ ಎಂದು ಹೇಳಿ ಹೋಗಿದ್ದರು. ವಾಣಿ ಹಿಂಡಿದ್ದನ್ನು ಅಂಗಳ ದಾಟಿಸಿ ಫ್ರಿಜ್ಜಿರುವ ಈ ಕೋಣೆಗೆ ತಂದುಕೊಡುವ ಕೆಲಸ ನಾರಾಯಣಮ್ಮನದಾಗಿತ್ತು.

“ಅತ್ತಿಮರದ ಬುಡಕ್ಕೆ ಉಯ್ದೆ,” ಎಂದಳು ಕೊನೆಗೆ.

“ಏನು?”

“ಅಳ್ದಿ ಆಲು ಕಣಮ್ಮಾ, ಕೀವಿನಂಗಿತ್ತು. ನಮ್ಮಲ್ಲಿ ಮೂರು ದಿನ ಚೆಲ್ತೀವಿ. ನಾಕನೇ ದಿನಾನೂ ಅಳ್ದೀನೇ. ಒಟ್ಟೆ ಕುಯ್ದಿರೋ ಕೂಸ್ಗೆ ಎಂಗೆ ಕೊಡೋದು? ಕಂಡಲ್ಲಿ ಚೆಲ್ಲಿದ್ರೆ ಇರುವೆ ಮುತ್ತಿ ತಾಯಿ ಎದೆ ಬತ್ತೋಯ್ತದೆ ಅಂತ, ಕುಯ್ದ್ರೆ ಆಲು ಒಸ್ರೋ ಮರ ಉಡುಕ್ಕೊಂಡೋಗಿ ಉಯ್ದೆ.”

ಗಂಗಾಲಕ್ಷ್ಮಿ ಕಡಯಂಪಟ್ಟಿಯ ಕನ್ನಡದವಳು. ವಾರ್ಡಿನಲ್ಲಿ ಎಲ್ಲರ ಜೊತೆ ತಮಿಳು, ಇವರ ಜೊತೆ ಮಾತ್ರ ಮನೆಯ ಮಾತು; ಅಜ್ಜಿಯನ್ನು ಕರೆಯುವುದಷ್ಟೇ ತಮಿಳಿನ ‘ಪಾಟ್ಟಿ’. “ಅಸು ಕರು ಆಕಿದ್ರೆ ಗಿಣ್ಣು ಬಿಡ್ತೀರಾ ಪಾಟ್ಟಿ? ಬೆಲ್ಲ ಆಕಿ ಬೇಯ್ಸಿ ಬೀದಿಗೆಲ್ಲಾ ಅಂಚ್ತೀರ. ಸೊಸೆ ಗಿಣ್ಣು ಮಾತ್ರ ಮರಕ್ಕಾ?”

ನಾರಾಯಣಮ್ಮ ತನ್ನ ಕೈಯನ್ನೇ ನೋಡಿಕೊಂಡಳು. ಎಷ್ಟು ಹಸುಗಳ ಗಿಣ್ಣು ಬೇಯಿಸಿದ ಕೈ ಅದು.

ಅಂಗಳದಾಚೆಯ ವಾರ್ಡಿನಲ್ಲಿ ವಿಷಯ ತಿಳಿದಾಗ ವಾಣಿ ಅತ್ತೆಯ ಮುಖ ನೋಡಲಿಲ್ಲ. “ಪೂರಾನಾ?” ಎಂದಳು.

“ಪೂರಾ.”

ವಾಣಿಯ ಕೈಯಲ್ಲಿದ್ದ ಬಟ್ಟಲಿನ ತಳವೂ ಒದ್ದೆಯಾಗಿರಲಿಲ್ಲ. ಒತ್ತಿದಷ್ಟೂ ಅಳು ಬರುತ್ತಿತ್ತು, ಹಾಲು ಬರುತ್ತಿರಲಿಲ್ಲ. “ಬರ್ತಿಲ್ಲ ಅಕ್ಕಾ. ಡಬ್ಬದ್ದು ಕೊಡ್ಬುಡ್ತಾರಾ?”

“ಒಂದು ಗಂಟೆ ಕಾಯೋಣ. ಆಮೇಲೆ ಡಾಕ್ಟ್ರು ಏನಂತಾರೋ,” ಎಂದಳು ಗಂಗಾಲಕ್ಷ್ಮಿ.

ನಾರಾಯಣಮ್ಮ ಟವಲನ್ನು ಬಿಸಿನೀರಲ್ಲಿ ಅದ್ದಿ ಹಿಂಡಿಕೊಂಡು ಬಂದಳು. ಸೊಸೆಯ ಹಿಂದೆ ನಿಂತು ಬೆನ್ನಿಗಿಟ್ಟು, ಬೆನ್ನುಮೂಳೆಯ ಎರಡೂ ಪಕ್ಕ ಹೆಬ್ಬೆರಳಿಂದ ನೀವತೊಡಗಿದಳು. ವಾಣಿ ಭುಜ ಕೊಡವಿದಳು. ಅತ್ತೆ ಕೈ ತೆಗೆಯಲಿಲ್ಲ.

“ಬಯ್ಯಿ ನನ್ನ. ಬಯ್ಕೊಂಡೇ ಇಂಡು.”

“ಬಯ್ಯಾಕೂ ತ್ರಾಣ ಇಲ್ಲ ನಂಗೆ.”

“ಮನ್ಸಲ್ಲೇ ಬಯ್ಯಿ. ಊರ್ಗೋದ ಮ್ಯಾಕೆ ಬಾಯ್ಬುಟ್ಟು ಬಯ್ಯುವಂತೆ.”

ವಾಣಿ ಮೂಗು ಒರೆಸಿಕೊಂಡಳು. ನಗು ಬಂತೋ ಬಿಕ್ಕು ಬಂತೋ, ಭುಜ ಮಾತ್ರ ಸಡಿಲವಾಯಿತು. ಬಹಳ ಹೊತ್ತಿನ ಮೇಲೆ ಬಟ್ಟಲಿಗೆ ಒಂದು ತೊಟ್ಟು ಬಿತ್ತು. ತಡೆದು ಇನ್ನೊಂದು. ಆಮೇಲೆ ಒಂದರ ಹಿಂದೊಂದು, ಬಟ್ಟಲಿನ ತಳ ಒದ್ದೆಯಾಗುವಷ್ಟು.

ಗಂಗಾಲಕ್ಷ್ಮಿ ಅದನ್ನು ಸಿರಿಂಜಿಗೆ ಎಳೆದು ಬೆಳಕಿಗೆ ಹಿಡಿದಳು. ಒಂದರ ಗೆರೆಗೆ ಸರಿಯಾಗಿತ್ತು. ಬಣ್ಣ ಇನ್ನೂ ಹಳದಿಯೇ. ನಾರಾಯಣಮ್ಮ ಮುಂದೆ ಹೋಗಿ ಬಾಗಿಲು ತೆರೆದು ಹಿಡಿದಳು.

ಮಗುವಿನ ಮೂಗಿನಿಂದ ಹೊಟ್ಟೆಗೆ ಇಳಿಬಿಟ್ಟಿದ್ದ ಕೊಳವೆಗೆ ಸಿರಿಂಜು ಸಿಕ್ಕಿಸಿ, ಅದರ ಹಿಂದಿನ ಒತ್ತುಕಡ್ಡಿ ತೆಗೆದು, ಗಂಗಾಲಕ್ಷ್ಮಿ ಸಿರಿಂಜನ್ನು ಎತ್ತಿ ಹಿಡಿದಳು. ಹಾಲು ತಾನಾಗಿಯೇ ಇಳಿಯತೊಡಗಿತು. ಮಕ್ಕಳ ಕೋಣೆಯ ಗಾಜಿನ ಈಚೆ ನಿಂತ ನಾರಾಯಣಮ್ಮನ ಬಾಯಿ, ತುತ್ತು ಕೊಡುವವರ ಬಾಯಿಯಂತೆ, ತನಗೇ ತಿಳಿಯದೆ ತೆರೆದುಕೊಂಡಿತ್ತು.