ಸೂರನ ನೆರೆಗೆ ಸೋಡಿ

ಬಿಜೂರಿನ ಹೊಳೆಯಲ್ಲಿ ದೋಣಿ ದಾಟಿಸುವ ಸೂರನ ಮಾತನ್ನು ಊರವರು ಮುಕ್ಕಾಲು ಪಾಲು ಸೋಡಿ ಬಿಟ್ಟೇ, ಅಂದರೆ ಅಷ್ಟನ್ನು ಕಳೆದೇ, ಕೇಳುತ್ತಿದ್ದರು. ಅವನು ಆನೆ ಎಂದರೆ ಎಮ್ಮೆ, ಎಮ್ಮೆ ಎಂದರೆ ಬೆಕ್ಕು. ಅವನ ಗಾಳಕ್ಕೆ ಸಿಕ್ಕಿದ ಏಡಿಯೊಂದು ದೋಣಿಯನ್ನೇ ಗಂಗೊಳ್ಳಿಯವರೆಗೆ ಎಳೆದುಕೊಂಡು ಹೋಗಿತ್ತಂತೆ. ಊರಿನ ಲೆಕ್ಕದಲ್ಲಿ ಅದು ಒಂದು ಹೊತ್ತಿನ ಸಾರಿಗಾಗುವ ಏಡಿ. ಸೂರನಿಗೂ ಬೇಸರವಿರಲಿಲ್ಲ. ಕಳೆಯುವವರಿದ್ದರೆ ತಾನೇ ಕೂಡಿಸಿ ಹೇಳುವ ಸುಖ!

ಬೇಸರವಾದದ್ದು ಮಹಾಯುದ್ಧ ಮುಗಿದ ಮರುವರ್ಷ. ಮಗಳು ತುಂಗಾಳ ಗಂಡ ಲೀಲಾಧರ, ಹೊಳೆಬದಿಯ ತಗ್ಗಿನ ಬೈಲುಗದ್ದೆಯಲ್ಲಿ ಹೊಸ ಮನೆಗೆ ಗೂಟ ಹೊಡೆಸಿದ. ಬೇಸಿಗೆಯಲ್ಲಿ ಚಂದದ ಜಾಗವೇ. ಬಾವಿ ಹತ್ತಿರ, ದಾರಿ ಹತ್ತಿರ. ಆದರೆ ಅವನು ಬ್ರಹ್ಮಾವರದ ಕಡೆಯವನು, ಇಲ್ಲಿಯ ಮಳೆಗಾಲದ ನೆರೆ ಕಂಡವನಲ್ಲ.

"ಅಳಿಯ, ಇಲ್ ಬ್ಯಾಡ," ಎಂದ ಸೂರ. "ತುಂಗಾ ಹುಟ್ಟಿದ್ ವರ್ಷ ಇಲ್ ಎದೆಮಟ್ಟ ನೀರಿತ್ತ್. ಈ ಗದ್ದೆ ಮೇಲ್ ನಾನೇ ದೋಣಿ ಬಿಟ್ಟಿದ್ದೆ."

"ಹೌದೌದ್ ಮಾವ," ಲೀಲಾಧರ ನಕ್ಕ. "ಮುಕ್ಕಾಲ್ ಕಳದ್ರೆ ಮೊಣಕಾಲಿಗೂ ಬತ್ತಿಲ್ಲ. ಅಡಿಪಾಯಕ್ಕೆ ಒಂದ್ ಸಾಲ್ ಕಲ್ಲ್ ಜಾಸ್ತಿ ಹಾಕ್ತೆ, ಆಯ್ತಲ್ದಾ?"

ಸಾಕ್ಷಿಗೆ ಯಾರೂ ಇಲ್ಲ. ಆ ನೆರೆಗೆ ಊರೆಲ್ಲ ಗುಡ್ಡ ಹತ್ತಿತ್ತು. ಬೈಲಿನ ಆಳ ಕಂಡವನು ಸೂರನೊಬ್ಬನೇ. ಜನ್ಮಕ್ಕೊಂದು ಸಲ ನಿಜ ಹೇಳಿದರೆ ಗಿರಾಕಿಯೇ ಇಲ್ಲ! ಗೂಟದ ಪಕ್ಕ ಕುಳಿತು ಎಲೆಅಡಿಕೆ ಜಗಿದ. ತುಂಗಾ ಬಸುರಿ. ಈ ಮನೆಯಲ್ಲಿ ತೊಟ್ಟಿಲನ್ನು ಎಷ್ಟು ಎತ್ತರಕ್ಕೆ ಕಟ್ಟುವುದು? ಉಗುಳಿ ಎದ್ದ. ಸೋಡಿ ಬಿಡುವವನಿಗೆ ಹೇಳುವ ದರವೇ ಬೇರೆ.

ಮರುದಿನ ಕಲ್ಲು ಇಳಿಸುವವರ ಎದುರೇ ಶುರು ಮಾಡಿದ.

"ನಿನ್ನೆ ನಾ ಸುಳ್ಳ್ ಹೇಳಿದ್ದೆ ಅಳಿಯ. ಎದೆಮಟ್ಟ ಅಲ್ಲ, ಆ ತೆಂಗಿನ್ ಮರದ್ ತುದಿ ಮುಳ್ಗಿತ್ತ್. ಮೊಸಳೆ ಒಂದ್ ಗರಿ ಮೇಲ್ ಕೂಕಂಡ್ ಸೀಯಾಳ ಕುಡೀತಾ ಇತ್ತ್. ನಂಗೂ ಒಂದ್ ಕೊಡ್ತ್!"

"ಅದ್ರ್ ಕೈಯಂಗೆ ಕತ್ತಿ ಎಲ್ಲಿತ್ತ್ ಮಾರಾಯ?" ಎಂದ ಕಲ್ಲು ಕಟ್ಟುವ ಗುರುವ.

"ಕತ್ತಿ ಎಂತಕ್? ಹಲ್ಲಿಲ್ಯಾ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಲೀಲಾಧರನೂ ನಗುತ್ತಲೇ ಮರವನ್ನು ಬುಡದಿಂದ ತುದಿಯವರೆಗೆ ನೋಡಿದ. ಮುಕ್ಕಾಲು ಕಳೆದ. ಉಳಿದದ್ದು ಅವನ ತಲೆಗಿಂತ ಮೇಲಿತ್ತು. ಅದರಲ್ಲೂ ಅರ್ಧ ಕಳೆದ. ಆಗಲೂ ಎದೆ ಮುಳುಗುತ್ತಿತ್ತು. ನಗು ನಿಂತಿತು.

"ಗುರುವಾ, ಗೂಟ ಕೀಳ್. ಮೇಲಿನ್ ದಿಬ್ಬಕ್ ಹೋಪ."

ಗುರುವ ಹಗ್ಗ ಸುತ್ತಿಕೊಂಡು ದಿಬ್ಬ ಹತ್ತಿದ.

"ಇಲ್ ಸಾಕಾ?"

"ಇನ್ನೂ ಮೇಲೆ," ಎಂದ ಸೂರ.

"ಇಲ್?"

"ಮತ್ತೊಂಚೂರ್."

ಗಂಜಿ ತಂದ ತುಂಗಾ ಸೊಂಟಕ್ಕೆ ಕೈಕೊಟ್ಟು ನಿಂತಳು. "ಸಾಕ್ ಅಪ್ಪಯ್ಯ! ಮೋಡದ್ ಮೇಲ್ ಮನೆ ಕಟ್ಟುಕಾ? ಇಲ್ಲಿಗ್ ನೀರ್ ಹೊರುದ್ ಯಾರ್?"

"ಹೊಸ ಬಾವಿ ತೋಡೂ ವರೆಗೆ ನಾ ಹೊರ್ತೆ ಮಗಳೇ."

ಹೇಳಿದವನು ಗಂಜಿಗೂ ಕಾಯದೆ ಕೊಡ ಹೆಗಲಿಗೇರಿಸಿ ಕೆಳಗಿನ ಬಾವಿಗೆ ಇಳಿದ. ಕಲ್ಲು ಕೂರಿಸಲು ಮೊದಲು ನೀರು ಹಾಕಿ ಮಣ್ಣು ಕಲಸಬೇಕಿತ್ತು.