ಮುಳ್ಳು ನಿಲ್ಲುವವರೆಗೆ

ಅಪ್ಪನ ಶವಪೆಟ್ಟಿಗೆಯ ಮುಚ್ಚಳಕ್ಕೆ ಕೊನೆಯ ತಿರುಪು ಬಿಗಿಯುತ್ತಿದ್ದಾಗಲೂ ನೆಲಿದಾಳ ಕಣ್ಣು ಬಾಗಿಲ ಮೇಲೆಯೇ ಇತ್ತು.

"ಅಲ್ಲೇನು ನೋಡ್ತೀಯೇ? ನಿಮ್ಮ ದೊಡ್ಡಪ್ಪ ಬರೋನಾಗಿದ್ರೆ ನಿನ್ನೆ ರಾತ್ರಿ ಹೆಣ ಕಾಯೋ ಜಾಗರಣೆಗೇ ಬರ್ತಿದ್ದ," ಅಂದಳು ನೆರೆಮನೆಯ ಹೆರ್ಮೆಲಿಂದಾ, ಕಾಫಿ ಲೋಟ ತೊಳೆಯುತ್ತ.

"ಬರ್ತಾರೆ ಅತ್ತೆ."

"ಬರ್ತಾನೆ! ನಿಮ್ಮಪ್ಪನ ಹೆಸರೆತ್ತಿದ್ರೆ ಹೇಸರಗತ್ತೆ ಒದ್ದ ಹಾಗೆ ಒದೀತಾನೆ. ಅಷ್ಟಕ್ಕೂ ಅವರಿಬ್ಬರ ಮಾತು ಬಿಡಿಸಿದ ಆ ಅಣೆಕಟ್ಟಾದ್ರೂ ಆಯ್ತಾ?"

ಆಗಿರಲಿಲ್ಲ. ನೆಲಿದಾ ಕರಿ ಅಂಗಿಯ ತೋಳನ್ನೇ ಎಳೆದೆಳೆದು ತಿರುಚಿದಳು. ಮತ್ತೆ ಎದ್ದು ಬೀದಿಗೆ ಇಣುಕಿದಳು. ಸ್ಮಶಾನ ಗುಡ್ಡದ ತುದಿಯಲ್ಲಿ, ಗಾಡಿ ಹತ್ತದು. ಪೆಟ್ಟಿಗೆಯ ತಲೆಯ ಬಲಮೂಲೆಗೆ ಒಡಹುಟ್ಟಿದವನೇ ಹೆಗಲು ಕೊಡಬೇಕು. ಅವನು ಬದುಕಿದ್ದೂ ಬೇರೆಯವರು ಹೊತ್ತರೆ, ಜಗಳ ತೀರದೆಯೇ ಹೆಣದ ಜೊತೆ ಮಣ್ಣಿಗೆ ಹೋದಂತೆ ಅನ್ನುತ್ತಿತ್ತು ಊರು. ಅವಳಿಗೆ ಬೇಕಿದ್ದದ್ದು ಆ ಒಂದು ಹೆಗಲು.

* * *

ಆಗ ಅವಳಿನ್ನೂ ಚಿಕ್ಕವಳು. ಕಟ್ಟಬೇಕೆಂದಿದ್ದ ಅಣೆಕಟ್ಟಿನ ಭಾರವನ್ನು ಬಂಡೆ ತಾಳೀತೇ ಎಂದು ನೋಡಲು ಬೆಟ್ಟದೊಳಕ್ಕೆ ಸುರಂಗ ಕೊರೆದಿದ್ದರು. ಎದುರುಬದುರು ಗೋಡೆಗೆ ಉಕ್ಕಿನ ತಟ್ಟೆಗಳು, ನಡುವೆ ಅವನ್ನು ಬಂಡೆಗೆ ಒತ್ತುವ ಜಾಕು. ಅಪ್ಪ ಎವರಿಸ್ತೊ ಕೈಪಂಪು ಒತ್ತಿ ಭಾರವನ್ನು ಒಂದೇ ಸಮ ಹಿಡಿಯುತ್ತಿದ್ದ. ಬಂಡೆ ಕೂದಲೆಳೆಯಷ್ಟು ಸರಿಯುತ್ತಲೇ ಇರುತ್ತದೆ. ಅಳತೆಯ ಮುಳ್ಳು ನಿಲ್ಲುವವರೆಗೆ ಕೈಬಿಡುವಂತಿಲ್ಲ. ಬಿಟ್ಟರೆ ಮತ್ತೆ ಶುರುಮಾಡಲೂ ಬಾರದು. ಒಮ್ಮೆ ಒತ್ತಿಸಿಕೊಂಡ ಬಂಡೆ ಹಳೆಯ ಬಂಡೆಯಲ್ಲ.

ಅವಳು ಅರೆಪಾ ರೊಟ್ಟಿಯ ಬುತ್ತಿ ಹಿಡಿದು ನಿಂತಿದ್ದಳು. ಸುರಂಗದ ಬಾಯಲ್ಲಿ ದೊಡ್ಡಪ್ಪ ಲಿಯೊಕಾದಿಯೊ ಕೂಗಿದ:

"ಎವರಿಸ್ತೊ! ಅವ್ವನಿಗೆ ಮೇಲುಸಿರು ಹತ್ತಿದೆ. ನಿನ್ನೇ ಕೇಳ್ತಿದಾಳೆ, ಬಾರೋ!"

"ಬಂದೆ ಅಣ್ಣ. ಮುಳ್ಳು ನಿಲ್ಲಲಿ. ಇನ್ನೇನು ನಿಲ್ಲುತ್ತೆ."

"ಬಂಡೆ ಎಲ್ಲಿಗೋ ಓಡಿಹೋಗುತ್ತೆ?"

ಅಪ್ಪ ಒಂದು ಕೈಯನ್ನು ಪಂಪಿನ ಮೇಲಿಟ್ಟು, ಇನ್ನೊಂದು ಅಂಗೈ ಎತ್ತಿದ: ಯಾರೂ ಅಲುಗಬೇಡಿ. ಮುಳ್ಳು ನಿಂತಾಗ ಕೆಳಗೆ ಇಗರ್ಜಿಯ ಸಾವಿನ ಗಂಟೆ ಹೊಡೆಯುತ್ತಿತ್ತು.

* * *

ಬಲಮೂಲೆಗೆ ನೆಲಿದಾಳೇ ಹೆಗಲು ಕೊಟ್ಟಳು. ಹೆಜ್ಜೆಗೊಮ್ಮೆ ಹಿಂದೆ ತಿರುಗಿ ನೋಡುತ್ತಿದ್ದರೆ ಪೆಟ್ಟಿಗೆ ವಾಲುತ್ತಿತ್ತು. "ಮುಂದೆ ನೋಡೇ, ಅವನನ್ನೂ ಬೀಳಿಸಿ ನಮ್ಮನ್ನೂ ಬೀಳಿಸ್ತೀಯ," ಎಂದು ಹಿಂದಿನಿಂದ ಯಾರೋ ಗದರಿದರು.

ಅರ್ಧ ಗುಡ್ಡದಲ್ಲಿ, ಹೊತ್ತವರು ದಣಿವಾರಿಸಿಕೊಳ್ಳಲು ಹೆಣ ಇಳಿಸುವ ಚಪ್ಪಡಿ. ಅದರ ಮೇಲೆ ಟೋಪಿಯನ್ನು ಮೊಣಕಾಲಿಗೆ ಸಿಕ್ಕಿಸಿಕೊಂಡು ದೊಡ್ಡಪ್ಪ ಕೂತಿದ್ದ.

"ಆಚೆ ಸರ್ಕೊಳ್ಳೇ. ಅದು ನನ್ನ ಮೂಲೆ."

"ಬೆಳಗಿಂದ ಬಾಗಿಲು ನೋಡಿ ನೋಡಿ ಸಾಕಾಯ್ತು ದೊಡ್ಡಪ್ಪ."

"ನಾನೂ ಬೆಳಗಿಂದ ಇಲ್ಲೇ ಇದೀನಿ. ನಿಮ್ಮ ಮನೆಗೆ ಇಳಿಯೋಕೆ ಕಾಲು ಬರಲಿಲ್ಲ."

ತುದಿ ತಲುಪುವವರೆಗೂ ಮುದುಕ ಹೆಗಲು ಬದಲಿಸಲಿಲ್ಲ. ಗುಂಡಿಗೆ ಇಳಿಸುವಾಗಲೂ ಹಗ್ಗದ ಒಂದು ತುದಿ ಅವನದೇ. ಪೆಟ್ಟಿಗೆ ತಳ ಮುಟ್ಟಿತು. ಉಳಿದವರು ಹಗ್ಗ ಬಿಟ್ಟರು.

"ಬಿಡಿ ಯಜಮಾನರೇ, ಮುಟ್ಟಿತು."

ಲಿಯೊಕಾದಿಯೊ ಬಿಡಲಿಲ್ಲ. ಹಗ್ಗವನ್ನು ಒಂದು ಕೈಯಲ್ಲಿ ಬಿಗಿಹಿಡಿದು, ಇನ್ನೊಂದು ಅಂಗೈ ಎತ್ತಿದ. ಸಲಿಕೆ ಎತ್ತಿದವರು ಹಾಗೇ ನಿಂತರು. ಕೆಮ್ಮುತ್ತಿದ್ದವರೂ ಉಸಿರು ಹಿಡಿದರು. ಪೆಟ್ಟಿಗೆ ಇನ್ನೂ ಹಸಿಮಣ್ಣಿಗೆ ಕೂರುತ್ತಿತ್ತು; ಅವನ ಮುಷ್ಟಿಯೊಳಗಿಂದ ಹಗ್ಗ ಕೂದಲೆಳೆ ಕೂದಲೆಳೆಯಾಗಿ ಜಾರತೊಡಗಿತು.